ಆ ಹುಡುಗ ಯಾಕೆ ಬರೆಯುತ್ತಿಲ್ಲ?

ಸಿಂದಗಿ ತಾಲ್ಲೂಕಿನ ಯಂಕಂಚಿಯಂಥ ಊರು. ಅಲ್ಲಿನ ಕನ್ನಡ ಸಾಲಿಯ ಮೂರನೇ ಇಯತ್ತೆಯಲ್ಲಿ ಒಬ್ಬ ಹುಡುಗ ಇದ್ದಾನೆ ಅಂದುಕೊಳ್ಳಿ. ಮಗ್ಗಿ ಬಾಯಿಪಾಠ. ಕತೆ ಹೇಳಿದರೆ ಕಣ್ಣು ಅರಳಿಸಿ ಕೇಳುತ್ತಾನೆ. ಪಾಟಿ ತೆಗೆ ಅಂದರೆ ಮಾತ್ರ ತಲೆ ತಗ್ಗಿಸುತ್ತಾನೆ. ಎರಡು ಸಾಲು ಬರೆಯುವಷ್ಟರಲ್ಲಿ ಬೆರಳು ಬೆವರುತ್ತವೆ, ಅಕ್ಷರಗಳು ಗೆರೆ ದಾಟುತ್ತವೆ. ಮಾಸ್ತರರು ಮೈಗಳ್ಳ ಅನ್ನುತ್ತಾರೆ. ಮನೆಯವರು ‘ಇವನ ಹಣ್ಯಾಗ ಓದು ಬರದಿಲ್ಲ’ ಅನ್ನುತ್ತಾರೆ. ಅವನು ಹೇಗೆ ಕೂತಿದ್ದಾನೆ ಎಂಬುದನ್ನು ಯಾರೂ ನೋಡಿರುವುದಿಲ್ಲ.

ಅದನ್ನು ನೋಡಲು ಕಲಿತವರೇ ಆಕ್ಯುಪೇಷನಲ್ ಥೆರಪಿಸ್ಟ್. ಹುಡುಗನ ಬೆನ್ನಿಗೆ ಕಸುವಿಲ್ಲ, ವಾಲದಂತೆ ಒಂದು ಕೈ ನೆಲಕ್ಕೆ ಊರಿಕೊಂಡಿದ್ದಾನೆ, ಹಾಗಾಗಿ ಪಾಟಿ ಹಿಡಿಯಲು ಕೈಯೇ ಉಳಿದಿಲ್ಲ ಎಂಬುದು ಅವರ ಕಣ್ಣಿಗೆ ಬೀಳುತ್ತದೆ. ಅವನನ್ನು ಗೋಡೆಯ ಮೂಲೆಗೆ ಒರಗಿಸಿ ಕೂರಿಸುತ್ತಾರೆ. ಮುಂದೆ ಇಳಿಜಾರಾಗಿ ಒಂದು ಹಲಗೆ ಇಡುತ್ತಾರೆ. ಪೆನ್ಸಿಲ್ಲಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡುತ್ತಾರೆ. ಬೋರ್ಡು ನೋಡಿ ಬರೆಯುವುದರ ಬದಲು ಪಕ್ಕದಲ್ಲಿಟ್ಟ ಹಾಳೆ ನೋಡಿ ಬರೆಯಲಿ ಎಂದು ಮಾಸ್ತರರಿಗೆ ಹೇಳುತ್ತಾರೆ. ಇದರಲ್ಲಿ ಗುಳಿಗೆಯೂ ಇಲ್ಲ, ಸೂಜಿಯೂ ಇಲ್ಲ. ಒಂದೇ ದಿನದಲ್ಲಿ ಅಕ್ಷರ ದುಂಡಾಗುವುದೂ ಇಲ್ಲ, ತಿಂಗಳುಗಟ್ಟಲೆ ಕಾಯಬೇಕು. ಆದರೆ ಮೈಗಳ್ಳ ಎಂಬ ಮಾತು ಆವತ್ತೇ ನಿಲ್ಲುತ್ತದೆ. ನನಗೆ ಅದೇ ದೊಡ್ಡದು.

ಈ ವಿದ್ಯೆಯನ್ನು ಕನ್ನಡದಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಎಂದು ಕರೆದು ಕೆಡಿಸಿದ್ದೇವೆ. ಕೇಳಿದವರು ನೌಕರಿ ಕೊಡಿಸುವ ಯಾವುದೋ ಯೋಜನೆ ಅಂದುಕೊಳ್ಳುತ್ತಾರೆ. ಬಸವನಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ, ಇಲ್ಲಿಯವರಿಗೆ ಕಾಯಕ ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಮಗುವಿನ ಕಾಯಕವೆಂದರೆ ಆಡುವುದು, ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಬರೆಯುವುದು. ಮೈ ಅಥವಾ ಮನಸ್ಸಿನ ತೊಡಕಿನಿಂದ ಆ ಕಾಯಕ ನಿಂತಲ್ಲಿ ಅದನ್ನು ಮತ್ತೆ ನಡೆಸುವುದೇ ಈ ವೃತ್ತಿ. ನಡೆಯಲು ಕಲಿಸುವುದು ಫಿಸಿಯೋಥೆರಪಿಯಾದರೆ, ನಡೆದು ಹೋಗಿ ನಲ್ಲಿ ತಿರುಗಿಸಿ ನೀರು ಕುಡಿಯುವಂತೆ ಮಾಡುವುದು ಇದು.

ಭಾರತಕ್ಕೆ ಈ ವಿದ್ಯೆ ತಂದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಮರಾಠಿ ಮನೆಯ ಸೊಸೆಯಾಗಿ ಬಂದ ಅವರು 1950ರಲ್ಲಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ತರಬೇತಿ ಶಾಲೆ ತೆರೆದರು. ಅಮೆರಿಕದಲ್ಲಿ 1975ರ ಕಾಯ್ದೆ ಅಂಗವಿಕಲ ಮಕ್ಕಳಿಗೆ ಸಾರ್ವಜನಿಕ ಶಾಲೆಯ ಬಾಗಿಲು ತೆರೆದಾಗ ಥೆರಪಿಸ್ಟರೂ ಆಸ್ಪತ್ರೆ ಬಿಟ್ಟು ಶಾಲೆಗೆ ಬಂದರು. ನಮ್ಮಲ್ಲಿ ಹೆಚ್ಚಿನವರು ಇನ್ನೂ ಆಸ್ಪತ್ರೆಗಳಲ್ಲಿ, ದೊಡ್ಡ ಊರುಗಳ ಖಾಸಗಿ ಕೇಂದ್ರಗಳಲ್ಲಿ ಇದ್ದಾರೆ.

ಕಾನೂನು ಮಾತ್ರ ಮುಂದೆ ಹೋಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಎಂದು ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಮಾಡಿತು. ನಮ್ಮಲ್ಲಿ ಈ ಹೊಣೆ ಹೊತ್ತಿರುವವರು ತಾಲ್ಲೂಕಿನ ಬಿ.ಐ.ಇ.ಆರ್.ಟಿ.ಗಳು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಶಾಲೆ ಶಾಲೆ ತಿರುಗುತ್ತಾರೆ, ಹಾಸಿಗೆ ಹಿಡಿದ ಮಕ್ಕಳ ಮನೆಗೂ ಹೋಗುತ್ತಾರೆ. ಅವರ ದುಡಿಮೆಗೆ ನಾನು ಕೈ ಮುಗಿಯುತ್ತೇನೆ. ಆದರೆ ಕಲಿಸುವುದು ಒಂದು ವಿದ್ಯೆ, ಕೈಯನ್ನು ಕೆಲಸಕ್ಕೆ ಹಚ್ಚುವುದು ಇನ್ನೊಂದು. ಎರಡನ್ನೂ ಒಬ್ಬರ ಹೆಗಲಿಗೇ ಹಾಕಿದರೆ ಆಗುವುದಿಲ್ಲ.

ಸಣ್ಣದೆಂದು ಬಿಟ್ಟದ್ದೇ ಮಗುವನ್ನು ಶಾಲೆ ಬಿಡಿಸುತ್ತದೆ. ಶೌಚಾಲಯದಲ್ಲಿ ಕೂತು ಏಳಲು ಆಸರೆಯಿಲ್ಲದ ಹುಡುಗಿ ಮುಂಜಾನೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಅವಳಿಗೆ ಬೇಕಾದದ್ದು ಗೋಡೆಗೆ ಗಟ್ಟಿಯಾಗಿ ಹೂಡಿದ ಒಂದು ಕಬ್ಬಿಣದ ಸರಳು. ಇಳಿಜಾರು ದಾರಿ ಕಟ್ಟುತ್ತಾರೆ, ಆದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕೆಂಬ ಲೆಕ್ಕ ತಪ್ಪಿದರೆ ಅದು ಜಾರುಬಂಡಿಯಾಗುತ್ತದೆ. ಶಿಬಿರದಲ್ಲಿ ಗಾಲಿಕುರ್ಚಿ ಸಿಗುತ್ತದೆ, ಮಳೆಗಾಲದ ಎರಿ ಮಣ್ಣಿನಲ್ಲಿ ಅದರ ಗಾಲಿ ಹೂತು ಹೋಗುತ್ತದೆ. ಮಗುವನ್ನೂ ಓಣಿಯನ್ನೂ ಒಟ್ಟಿಗೆ ನೋಡಿ ಸಾಧನ ಆರಿಸುವವರು ಬೇಕು.

ಅದಕ್ಕೇ ಈ ಕೆಲಸಕ್ಕೆ ಈ ನೆಲದ ಹುಡುಗ ಹುಡುಗಿಯರು ಬರಬೇಕು ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರು ಬಿ.ಓ.ಟಿ. ಪದವಿಗೆ ಸೇರಬಹುದು. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಅದನ್ನು ಕಲಿಸುತ್ತಾರೆ. ನಾಲ್ಕು ವರ್ಷಕ್ಕೂ ಮಿಕ್ಕಿದ ಓದು, ಖರ್ಚು ಸಣ್ಣದಲ್ಲ. ಓದಿ ಬಂದವರಿಗೆ ಸರ್ಕಾರ ತಾಲ್ಲೂಕಿಗೊಂದು ಹುದ್ದೆಯನ್ನಾದರೂ ಕೊಡಬೇಕು. ಇಲ್ಲವಾದರೆ ಅವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಅದು ಅವರ ತಪ್ಪಲ್ಲ.

ದಸರೆ ಮುಗಿಯುತ್ತಿದ್ದಂತೆ ಈ ಭಾಗದ ಎಷ್ಟೋ ಮನೆಯವರು ಕಬ್ಬು ಕಡಿಯಲು ಹೊರಡುತ್ತಾರೆ. ಮಗು ಆಯಿ, ಮುತ್ಯಾನ ಹತ್ತಿರ ಉಳಿಯುತ್ತದೆ. ಬೆರಳಿಗೆ ಬಲ ಬರುವ ವ್ಯಾಯಾಮವನ್ನು ಆ ಆಯಿಗೆ ಇಂಗ್ಲಿಷಿನ ಚೀಟಿಯಲ್ಲಿ ಬರೆದು ಕೊಟ್ಟರೆ ಏನು ಉಪಯೋಗ? ಯಂಕಂಚಿಯಲ್ಲೇ ಬೆಳೆದ ಥೆರಪಿಸ್ಟ್ ಆದರೆ ಒಲೆಯ ಮುಂದೆ ಕೂತು, ‘ಆಯಿ, ದಿನಾ ರೊಟ್ಟಿ ಬಡಿಯೋ ಮುಂದ ಒಂದು ಮುಟಿಗಿ ಹಿಟ್ಟು ಇವನ ಕೈಯಾಗ ಕೊಡ್ರಿ, ನಾದ್ಲಿ. ತೊಗರಿಬ್ಯಾಳ್ಯಾಗಿನ ಹಳ್ಳ ಇವನ ಕೈಲೇ ಆರಸ್ರಿ. ಅಂಗಿ ಗುಂಡಿ ನೀವು ಹಾಕಬ್ಯಾಡ್ರಿ, ತಡಾ ಆದ್ರೂ ಅವನs ಹಾಕ್ಕೊಳ್ಲಿ’ ಎಂದು ಹೇಳಿ, ಮರುದಿನ ಸಾಲಿಯಲ್ಲಿ ಆ ಗುಂಡಿಗಳನ್ನು ಎಣಿಸಿ ನೋಡುತ್ತಾಳೆ.