ಅಕ್ಕನ ಊರಿಂದ ತಂಗಿಯ ಊರಿಗೆ ಒಂದು ಸುತ್ತು

ಚಿಕ್ಕಮಗಳೂರು ಅಂದ ಕೂಡಲೇ ಎಲ್ಲರ ಫೋನಿನಲ್ಲೂ ಬರೋದು ಮುಳ್ಳಯ್ಯನಗಿರಿ, ಹೋಮ್‌ಸ್ಟೇ, ಜೀಪು, ಮಂಜು. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟವರು ಊರನ್ನು ದಾಟಿ ಸೀದಾ ಬೆಟ್ಟ ಹತ್ತುತ್ತಾರೆ. ಊರಿನೊಳಗೆ ನಡೆಯುವವರು ಕಡಿಮೆ. ಆದರೆ ಈ ಊರು ತನ್ನ ಹೆಸರಿನಲ್ಲೇ ಒಂದು ಕಥೆ ಇಟ್ಟುಕೊಂಡಿದೆ. ಸಖರಾಯಪಟ್ಟಣವನ್ನು ಆಳುತ್ತಿದ್ದ ರುಕ್ಮಾಂಗದ ರಾಜ ಕಿರಿಯ ಮಗಳಿಗೆ ಮದುವೆಯ ಬಳುವಳಿಯಾಗಿ ಕೊಟ್ಟಿದ್ದು ಚಿಕ್ಕಮಗಳೂರು, ಹಿರಿಯಳಿಗೆ ಕೊಟ್ಟಿದ್ದು ಪಕ್ಕದ ಹಿರೇಮಗಳೂರು ಅನ್ನುವುದು ಐತಿಹ್ಯ. ಎರಡಕ್ಕೂ ನಡುವೆ ಎರಡು ಮೂರು ಕಿಲೋಮೀಟರ್ ಅಷ್ಟೇ.

ಜನವರಿಯ ಒಂದು ಭಾನುವಾರ ನಾನು, ನನ್ನ ಅಕ್ಕ ಈ ಎರಡೂ ಊರನ್ನು ಸೇರಿಸಿ ಒಂದು ಸುತ್ತು ನಡೆದೆವು. ಅಕ್ಕನ ಊರಿಂದ ಹೊರಟು, ತಂಗಿಯ ಊರು ಸುತ್ತಿ, ಮತ್ತೆ ಅಕ್ಕನ ಊರಿಗೆ ಬರೋದು. ಆಟದ ನಿಯಮ ಒಂದೇ: ದಾರಿಯಲ್ಲಿ ಎಷ್ಟು ಜನ ‘ಮಗಳಂದಿರು’ ಸಿಗ್ತಾರೋ ಎಣಿಸಬೇಕು. ಅಕ್ಕನ ಬ್ಯಾಗಿನಲ್ಲಿ ನೀರಿನ ಬಾಟಲಿ, ಕಿತ್ತಳೆ ಹಣ್ಣಿನ ಜೊತೆಗೆ ಒಂದು ಕಾಗದವೂ ಇತ್ತು. ಅದರ ವಿಷಯ ಮುಂದೆ ಬರುತ್ತೆ.

ಬಲಕ್ಕೆ ನಿಂತ ಸೀತೆ

ಮೊದಲ ಮಗಳು ಸಿಕ್ಕಿದ್ದು ಹಿರೇಮಗಳೂರಿನ ಕೋದಂಡರಾಮನ ಗುಡಿಯಲ್ಲಿ. ಸಾಮಾನ್ಯವಾಗಿ ರಾಮನ ಎಡಕ್ಕೆ ನಿಲ್ಲುವ ಸೀತೆ ಇಲ್ಲಿ ಬಲಕ್ಕಿದ್ದಾಳೆ, ಲಕ್ಷ್ಮಣ ಎಡಕ್ಕೆ. ಅದು ಮದುವೆಯ ಹೊತ್ತಿನ ಭಂಗಿ ಅಂತಾರೆ. ಅಂದರೆ ಇನ್ನೂ ಅಯೋಧ್ಯೆಯ ಸೊಸೆಯಾಗಿರದ, ಜನಕನ ಮಗಳಾಗಿರುವ ಸೀತೆ! ಹಿರೇಮಗಳೂರು ಕಣ್ಣನ್ ಅವರ ಕನ್ನಡದ ಪೂಜೆಯಿಂದ ಈ ಗುಡಿ ನಾಡಿಗೆಲ್ಲ ಪರಿಚಯ. ಗರ್ಭಗುಡಿಯ ಮುಂದೆ ನಿಂತು ಮಂತ್ರದ ಬದಲು ನಮ್ಮದೇ ಮಾತು ಕೇಳೋದು ಒಂಥರಾ ಖುಷಿ.

ಊರಿನ ಈಶ್ವರ ಗುಡಿಯ ಬಳಿ ಒಂದು ಯೂಪಸ್ತಂಭವಿದೆ. ಜನಮೇಜಯ ಸರ್ಪಯಾಗ ಮಾಡಿದ್ದು ಇಲ್ಲೇ ಅಂತ ಊರವರ ನಂಬಿಕೆ. ಇಷ್ಟು ಹಳೆಯ ಗುಡಿ, ಇಷ್ಟು ಹಳೆಯ ಕಂಬ ಇದ್ದರೂ ಹಿರಿಯಳ ಊರು ಇವತ್ತು ಕಿರಿಯಳ ಊರಿನ ಒಂದು ಬಡಾವಣೆ ಇದ್ದ ಹಾಗಿದೆ. ಕಿರಿಯಳದ್ದು ಜಿಲ್ಲಾ ಕೇಂದ್ರ.

“ನೋಡ್ದೇನೇ, ಆಗ್ಲಿಂದ್ಲೂ ತಂಗೀರಿಗೇ ಜಾಸ್ತಿ ಕೊಡೋದು,” ಅಂದಳು ಅಕ್ಕ.

“ನಂಗೆ ನೀನು ಕೊಟ್ಟಿದ್ದು ನಿನ್ನ ಹಳೇ ಯೂನಿಫಾರ್ಮು ಅಷ್ಟೇ ಮಾರಾಯ್ತಿ,” ಅಂದೆ.

ಸನ್ಸ್ ನಾಲ್ಕು, ಡಾಟರ್ಸ್ ಸೊನ್ನೆ

ಪೇಟೆ ಹತ್ತಿರವಾದ ಹಾಗೆ ಬೋರ್ಡು ಓದೋ ಆಟ ಶುರು. ‘ಅಂಡ್ ಸನ್ಸ್’ ನಾಲ್ಕು ಸಿಕ್ಕವು. ‘ಬ್ರದರ್ಸ್’ ಮೂರು. ‘ಅಂಡ್ ಡಾಟರ್ಸ್’ ಒಂದೂ ಇಲ್ಲ. ಹೆಣ್ಣು ಹೆಸರಿನ ಅಂಗಡಿಗಳು ಬೇಕಾದಷ್ಟಿದ್ದವು, ಆದರೆ ಹೆಚ್ಚಿನವು ದೇವಿಯ ಹೆಸರು. ಲಕ್ಷ್ಮಿ, ಅನ್ನಪೂರ್ಣೆಯನ್ನೂ ಲೆಕ್ಕಕ್ಕೆ ತಗೋಬೇಕು ಅಂತ ನಾನು, ಅವರು ಪಾಲುದಾರರಲ್ಲ ಅಂತ ಅಕ್ಕ. ಜಗಳ ನಿಂತಿದ್ದು ಟೌನ್ ಕ್ಯಾಂಟೀನಿನ ಮಸಾಲೆ ದೋಸೆ ಮುಂದೆ ಬಂದಾಗ.

ದೊಡ್ಡ ಮಗಳು ಸಿಕ್ಕಿದ್ದು ಐ.ಜಿ. ರಸ್ತೆಯಲ್ಲಿ. ಐ.ಜಿ. ಅಂದರೆ ಇಂದಿರಾ ಗಾಂಧಿ, ನೆಹರೂ ಮಗಳು. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಮೇಲೆ ಅವರನ್ನು ಮತ್ತೆ ಲೋಕಸಭೆಗೆ ಕಳಿಸಿದ್ದು ಇದೇ ಚಿಕ್ಕಮಗಳೂರು. ಡಿ.ಬಿ. ಚಂದ್ರೇಗೌಡರು ತಮ್ಮ ಸ್ಥಾನ ಬಿಟ್ಟುಕೊಟ್ಟರು. 1978ರ ನವೆಂಬರ್‌ನಲ್ಲಿ ಉಪಚುನಾವಣೆ ನಡೆಯಿತು. ಎದುರಾಳಿ ವೀರೇಂದ್ರ ಪಾಟೀಲರಿಗಿಂತ 70 ಸಾವಿರಕ್ಕೂ ಹೆಚ್ಚು ಮತ ಪಡೆದು ಇಂದಿರಾ ಗೆದ್ದರು. ಮರು ತಿಂಗಳೇ ಲೋಕಸಭೆ ಅವರ ಸದಸ್ಯತ್ವವನ್ನು ರದ್ದು ಮಾಡಿತು.

“ಮಗಳಿಗೆ ಕೊಟ್ಟಿದ್ದು ನಿಲ್ಲಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?” ಅಂದಳು ಅಕ್ಕ. ನಗುತ್ತಲೇ ಅಂದಳು, ಆದರೆ ಕೈ ಬ್ಯಾಗಿನ ಮೇಲಿತ್ತು.

ಬೋರೆಯ ಮೇಲೆ ತೆಗೆದ ಕಾಗದ

ಎಂ.ಜಿ. ರಸ್ತೆಯಲ್ಲಿ ಕಾಫಿಪುಡಿ ಅಂಗಡಿಗಳ ಮುಂದೆ ಉಸಿರು ದೀರ್ಘ ಎಳೆದುಕೊಂಡು, ಅಲ್ಲಿಂದ ರತ್ನಗಿರಿ ಬೋರೆ ಹತ್ತಿದೆವು. ಊರಿನ ಮಧ್ಯೆ ಇರುವ ಈ ಗುಡ್ಡದ ಮೇಲೆ ಮಹಾತ್ಮ ಗಾಂಧಿ ಉದ್ಯಾನವಿದೆ. ಆಕಾಶ ಶುಭ್ರವಾಗಿದ್ದರೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸಾಲು ಕಾಣುತ್ತೆ. ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಬಿತ್ತಿದರು ಅನ್ನುವ ಕಥೆಯ ಗಿರಿಸಾಲೂ ಇದೇ. ಜನವರಿ ಅಂದರೆ ಕೊಯ್ಲಿನ ಕಾಲ. ಆ ಇಳಿಜಾರಿನ ತೋಟಗಳಲ್ಲಿ ಹಣ್ಣು ಕೊಯ್ಯುವವರಲ್ಲಿ, ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜ ಆರಿಸುವವರಲ್ಲಿ ಹೆಂಗಸರೇ ಹೆಚ್ಚು.

ಅಲ್ಲಿ ಕೂತು ಕಿತ್ತಳೆ ಸುಲಿಯುವಾಗ ಅಕ್ಕ ಕಾಗದ ತೆಗೆದಳು. ಹಕ್ಕು ಬಿಡುಗಡೆ ಪತ್ರದ ಕರಡು. ಮೂಡಿಗೆರೆ ಕಡೆ ಅಪ್ಪನ ಹೆಸರಲ್ಲಿ ಮೂರು ಎಕರೆ ಕಾಫಿ, ಮೆಣಸು ಇದೆ. ಅಪ್ಪ ಹೋಗಿ ಒಂದು ವರ್ಷ. ತೋಟ ನೋಡಿಕೊಳ್ಳುವವನು ತಮ್ಮ. ‘ನಮ್ಮದೇನೂ ಬೇಡ’ ಅಂತ ನಾವಿಬ್ಬರೂ ಸಹಿ ಹಾಕಿದರೆ ಸಾಲ, ಸಬ್ಸಿಡಿ ಎಲ್ಲ ಸುಲಭ ಅಂತ ಯಾರೋ ಅವನಿಗೆ ಹೇಳಿದ್ದಾರೆ. ಅವನು ಕೆಟ್ಟವನಲ್ಲ. ಮಳೆಗೆ ಹಣ್ಣು ಉದುರಿದಾಗ, ಕೊಯ್ಲಿಗೆ ಆಳು ಸಿಗದಾಗ ಅಲ್ಲಿ ಒದ್ದಾಡಿದವನು ಅವನೇ. ನಾವು ಹಬ್ಬಕ್ಕೆ ಹೋಗಿ ಕಡುಬು ತಿಂದು ಕಾಫಿಪುಡಿ ಕಟ್ಟಿಸಿಕೊಂಡು ಬರುವವರು.

ನಾನು ಫೋನು ತೆಗೆದೆ, ಹಾದಿಗೆಂದು ಓದಿಟ್ಟುಕೊಂಡಿದ್ದ ಒಂದು ವಿಷಯ ಹೇಳಬೇಕಿತ್ತು. ಹಳೆಯ ಶಾಸನಗಳಲ್ಲಿ ಈ ಎರಡು ಊರುಗಳ ಹೆಸರು ಕಿರಿಯ ಮುಗುಳಿ, ಪಿರಿಯ ಮುಗುಳಿ. ಮುಗುಳಿ! ಚಿಕ್ಕದು ಒಂದು, ದೊಡ್ಡದು ಒಂದು. ಅಲ್ಲಿ ಊರುಗಳಿಗೆ ವಯಸ್ಸಿದೆ, ಆದರೆ ‘ಮಗಳು’ ಇಲ್ಲ. ಬಾಯಿಂದ ಬಾಯಿಗೆ ಹೋಗ್ತಾ ಮುಗುಳಿ ಮಗಳಾಗಿ, ಅವಳಿಗೊಬ್ಬ ಅಪ್ಪ, ಒಂದು ಮದುವೆ, ಒಂದು ಬಳುವಳಿ ಆಮೇಲೆ ಸೇರಿಕೊಂಡಿರಬಹುದು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಂದ್ರೆ ಕಥೆಯಲ್ಲಿ ಊರೇ ಮಗಳದ್ದು. ಕಲ್ಲಲ್ಲಿ ಬರೆದಿದ್ರಲ್ಲಿ ಮಗಳೇ ಇಲ್ಲ.”

“ನಮ್ಮನೆ ಪಹಣಿ ಇದ್ದ ಹಾಗೆ,” ಅಂದೆ.

ಈ ಮಾತು ನಮ್ಮ ಮನೆಯದು ಮಾತ್ರ ಅಲ್ಲ ಅಂತ ನನಗೆ ಗೊತ್ತು. ‘ಅರಿಶಿನ ಕುಂಕುಮಕ್ಕೆ’ ಅಂತ ಒಂದಿಷ್ಟು ಕೊಟ್ಟು, ಹಕ್ಕನ್ನು ಬಿಡಿಸಿಕೊಳ್ಳುವುದು ಎಷ್ಟೋ ಮನೆಯ ರೂಢಿ. ಕಾನೂನು ಮಾತ್ರ ಬೇರೆ ದಾರಿಯಲ್ಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ದೇಶದಾದ್ಯಂತ ಮದುವೆಯಾದವರಿಗೂ ಅದೇ ಹಕ್ಕು. ಆ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅಪ್ಪನ ಸ್ವಂತ ಸಂಪಾದನೆಯಾದರೆ, ಉಯಿಲು ಇಲ್ಲದಿದ್ದಾಗ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು.

“ನಂಗೆ ತೋಟ ಬೇಡ ಕಣೇ,” ಅಂದಳು ಅಕ್ಕ. “ಆದ್ರೆ ನಾಳೆ ಯಾರಾದ್ರೂ ರೆಸಾರ್ಟಿಗೆ ಅಂತ ಕೇಳ್ಕೊಂಡು ಬಂದಾಗ, ಮಾರೋದಾ ಬೇಡ್ವಾ ಅಂತ ನನ್ನನ್ನೂ ಒಂದ್ಮಾತು ಕೇಳ್ಬೇಕು. ಅಷ್ಟೇ.”

ಅಲ್ಲಿಂದಲೇ ತಮ್ಮನಿಗೆ ಫೋನು ಹೋಯಿತು. “ಬಿಡುಗಡೆ ಪತ್ರ ಎಲ್ಲ ಬೇಡ ಕಣೋ. ಪೌತಿ ಖಾತೆಗೆ ಹಾಕು. ಅಮ್ಮ, ನಾನು, ಇವಳು, ನೀನು, ನಾಲ್ಕೂ ಹೆಸರು. ಕೆಲಸ ನಿಂದು, ಫಸಲೂ ನಿಂದೇ. ಹೆಸರು ಮಾತ್ರ ಎಲ್ಲರದ್ದೂ.” ಆ ಕಡೆಯಿಂದ ತುಂಬಾ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ತಮ್ಮ ಕೇಳಿದ್ದು, “ಹಂಗಾದ್ರೆ ಕೊಯ್ಲಿಗಾದ್ರೂ ಬರ್ತೀರಾ ಇಬ್ರೂ?” ಸ್ಪೀಕರಿನಲ್ಲಿ ಇಬ್ಬರೂ ಒಟ್ಟಿಗೆ ‘ಬರ್ತೀವಿ’ ಅಂದೆವು. ರಜೆ ಅರ್ಜಿ ಹಾಕಿದ್ದೂ ಆಗಿದೆ.

ಬೋರೆ ಇಳಿದು, ಒಳರಸ್ತೆಗಳನ್ನು ಹಿಡಿದು ಹಿರೇಮಗಳೂರು ಕೆರೆ ಹತ್ತಿರ ಬಂದಾಗ ಸಂಜೆ. ಲೆಕ್ಕ ಹಾಕಿದರೆ ಮಗಳಂದಿರು: ರುಕ್ಮಾಂಗದನ ಇಬ್ಬರು, ಜನಕನ ಒಬ್ಬಳು, ನೆಹರೂ ಅವರ ಒಬ್ಬರು. “ನಮ್ಮಪ್ಪನ ಇಬ್ರು,” ಅಂತ ಸೇರಿಸಿದಳು ಅಕ್ಕ. ಒಟ್ಟು ಆರು.

ನೀವೂ ಹೊರಡುವುದಾದರೆ

• ಅರ್ಧ ದಿನ ಸಾಕು. ಬೆಳಿಗ್ಗೆ ಬೇಗ ಹಿರೇಮಗಳೂರಿನಿಂದ ಶುರು ಮಾಡಿ, ಮಧ್ಯಾಹ್ನ ಗುಡಿ ಬಾಗಿಲು ಹಾಕಿರುತ್ತೆ.

• ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತ. ಮಳೆಗಾಲದಲ್ಲಿ ಬೋರೆಯಿಂದ ಮೋಡ ಬಿಟ್ಟು ಬೇರೇನೂ ಕಾಣೋದು ಕಷ್ಟ.

• ಸಮಯವಿದ್ದರೆ ಕಾಫಿ ಮಂಡಳಿಯ ‘ಕಾಫಿ ಯಾತ್ರಾ’ ಸಂಗ್ರಹಾಲಯವನ್ನೂ ಸೇರಿಸಿಕೊಳ್ಳಿ. ರಜಾದಿನ ತೆರೆದಿರುತ್ತಾ ಅಂತ ಮೊದಲೇ ವಿಚಾರಿಸಿ.

• ಪೌತಿ ಖಾತೆಗೆ ನಾಡಕಚೇರಿಯಲ್ಲಿ ಮರಣ ಪ್ರಮಾಣಪತ್ರ, ವಂಶವೃಕ್ಷ ಕೇಳುತ್ತಾರೆ. ಯಾವುದೇ ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುಂಚೆ ವಕೀಲರಿಗೆ ಒಮ್ಮೆ ತೋರಿಸಿ.

• ‘ಅಂಡ್ ಡಾಟರ್ಸ್’ ಬೋರ್ಡು ಸಿಕ್ಕರೆ ಫೋಟೋ ತೆಗೆದು ನಮ್ಮ ಓದುಗರ ಅಂಕಣಕ್ಕೆ ಕಳಿಸಿ. ಅಕ್ಕ ಕಾಯ್ತಾ ಇದ್ದಾಳೆ.