ಮುದ್ದೆ ಊಟ ಸಾಲದೇ? ಕೆಂಪು ಮಾತ್ರೆ ಏಕೆ?

ರಾಯದುರ್ಗ, ಮಡಕಶಿರಾ ಕಡೆ ಬಸುರಿಗೆ ಕಬ್ಬಿಣದ ಮಾತ್ರೆ ಕೊಟ್ಟರೆ ಮನೆಯ ಹಿರಿಯರು ಕೇಳುವುದು ಒಂದೇ: ರಾಗಿಮುದ್ದೆ, ಸೊಪ್ಪಿನ ಸಾರು ಉಂಡವರಿಗೆ ಇದೆಲ್ಲ ಯಾಕೆ? ನ್ಯಾಯವಾದ ಪ್ರಶ್ನೆಯೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದರಲ್ಲಿ ಅಕ್ಕಿ ರಾಗಿಯ ಹತ್ತಿರಕ್ಕೂ ಬಾರದು. ಆದರೆ ಕಬ್ಬಿಣ ಇರುವುದು ನಾಲ್ಕೈದು ಮಿಲಿಗ್ರಾಂ, ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪವೇ. ಊಟದ ಬೆನ್ನಿಗೇ ಚಹಾ ಕುಡಿದರೆ ಇನ್ನೂ ಕಡಿಮೆ. ಇತ್ತ ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣವೇ ಹೆಚ್ಚುತ್ತದೆ, ಮಗುವೂ ತನ್ನ ಪಾಲು ಎಳೆದುಕೊಳ್ಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ. ಹೆರಿಗೆಯಲ್ಲಿ ರಕ್ತ ಹೋದರೆ ಇಂಥವರ ಜೀವಕ್ಕೇ ಅಪಾಯ.

ಅದಕ್ಕೇ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕೆಂಪು ಮಾತ್ರೆ: 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಬಸುರಿನಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಮಗು ಕಪ್ಪಾಗುತ್ತದೆ ಎಂಬ ಮಾತು ಸುಳ್ಳು. ಕಪ್ಪಾಗುವುದು ಮಲ ಮಾತ್ರ, ಅದಕ್ಕೆ ಹೆದರಬೇಕಿಲ್ಲ. ವಾಕರಿಕೆ, ಮಲಬದ್ಧತೆ ಮಾತ್ರ ನಿಜವಾದ ತೊಂದರೆ. ಅದನ್ನು ಸಹಿಸಿಕೋ ಎಂದು ಗದರುವುದು ತಪ್ಪು. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಹಲವರಿಗೆ ಒಗ್ಗುತ್ತದೆ, ಕಬ್ಬಿಣವೂ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಆಗಲೂ ಒಗ್ಗದಿದ್ದರೆ ಮಾತ್ರೆ ಬಿಡಬೇಡಿ, ಆಶಾ ಅಕ್ಕನಿಗೋ ಡಾಕ್ಟರಿಗೋ ಹೇಳಿ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ಎಷ್ಟು ಮಾತ್ರೆ ಬೇಕೆಂದು ಅವರೇ ನಿರ್ಧರಿಸಬೇಕು.