ಅಪ್ಪನ ಹುಟ್ಟಿದ ಮನೆ: ದತ್ತಕದ ಬೇರು ಹುಡುಕುವವರ ನಂಬಿಕೆಗಳೂ ಕಾಗದ ಹೇಳುವ ಸತ್ಯವೂ

ಅಪ್ಪ ದತ್ತು ಬಂದವರು ಎಂಬ ಸುದ್ದಿ ಮಕ್ಕಳ ಕಿವಿಗೆ ಬೀಳುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ: ಆಸ್ತಿ ಪಾಲಾಗುವಾಗ, ಇಲ್ಲವೇ ತಿಥಿಯ ಊಟಕ್ಕೆ ಬಂದ ದೂರದ ಅತ್ತೆಯೊಬ್ಬರು ಮಾತಿನ ಭರದಲ್ಲಿ ಬಾಯಿಬಿಟ್ಟಾಗ. ಅಲ್ಲಿಂದ ಹುಡುಕಾಟ ಶುರು. ಹುಡುಕಲು ಹೊರಟವರ ತಲೆಯಲ್ಲಿ ಅಷ್ಟರಲ್ಲೇ ಒಂದು ಕಥೆ ಸಿದ್ಧವಾಗಿರುತ್ತದೆ. ಅರ್ಧ ನಮ್ಮ ಸಿನಿಮಾದ್ದು, ಅರ್ಧ ವಿದೇಶಿ ಡಿಎನ್‌ಎ ಕಿಟ್ಟಿನ ಜಾಹೀರಾತಿನದ್ದು: ಎಲ್ಲೋ ಒಂದು ಅನಾಥಾಲಯ, ಅಲ್ಲೊಂದು ಬೀಗ ಹಾಕಿದ ಬೀರು, ಅದರೊಳಗೆ ತಾಯಿಯ ಹೆಸರಿರುವ ಫೈಲು. ಕರ್ನಾಟಕದ ಹಳ್ಳಿ, ಪಟ್ಟಣಗಳಲ್ಲಿ ಈಗ ಎಪ್ಪತ್ತು ಎಂಬತ್ತು ದಾಟಿದ ಎಷ್ಟೋ ದತ್ತುಮಕ್ಕಳ ಮಟ್ಟಿಗೆ ಈ ಕಥೆ ಹೊಂದುವುದೇ ಇಲ್ಲ. ಅವರು ಹೋದದ್ದು ಒಂದು ಮನೆಯಿಂದ ಇನ್ನೊಂದು ಮನೆಗೆ, ಹತ್ತಾರು ಜನರ ಎದುರಿಗೆ. ಗುಟ್ಟಾಗಿದ್ದರೆ ಅದು ಮಗುವಿಗೆ ಮಾತ್ರ ಗುಟ್ಟು. ಊರಿಗೆ ಗೊತ್ತು, ಶಾನುಭೋಗರಿಗೆ ಗೊತ್ತು, ದಾಯಾದಿಗಳಿಗಂತೂ ಚೆನ್ನಾಗಿ ಗೊತ್ತು.

ದೊಡ್ಡ ಮನೆಗಳಲ್ಲಿ ಇದು ಬಹಿರಂಗ ಸಮಾರಂಭವೇ ಆಗಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ 1865ರಲ್ಲಿ ದತ್ತು ತೆಗೆದುಕೊಂಡ ಹುಡುಗ ಬೆಟ್ಟದಕೋಟೆ ಅರಸು ಮನೆತನದ ಚಿಕ್ಕಕೃಷ್ಣರಾಜ ಅರಸರ ಮಗ. ಮುಂದೆ ಹತ್ತನೇ ಚಾಮರಾಜ ಒಡೆಯರ್ ಆದವರು ಅವರೇ, 1881ರಲ್ಲಿ ಬ್ರಿಟಿಷರಿಂದ ರಾಜ್ಯ ಮರಳಿ ಬಂದದ್ದು ಅವರ ಕೈಗೇ. ಅವರ ಹುಟ್ಟಿದ ಮನೆ ಯಾವುದೆಂಬುದನ್ನು ಯಾರೂ ಮುಚ್ಚಿಡಲಿಲ್ಲ. ವಾರಸುದಾರನನ್ನು ತರುವುದೇ ದತ್ತಕದ ಉದ್ದೇಶವಾಗಿದ್ದಾಗ ಮುಚ್ಚಿಟ್ಟರೆ ನಷ್ಟ. ನಾಳೆ ತಕರಾರು ಬಂದರೆ ಸಾಕ್ಷಿ ಬೇಕಲ್ಲ!

“ಅಪ್ಪ ಅನಾಥರಾಗಿದ್ದರಂತೆ”

ಮನೆಯಲ್ಲಿ ಹೇಳಿಕೊಂಡು ಬಂದ ಈ ಮಾತನ್ನು ಮೊದಲು ಕಾನೂನಿನ ಎದುರಿಗೆ ನಿಲ್ಲಿಸಬೇಕು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂದದ್ದು 1956ರ ಡಿಸೆಂಬರಿನಲ್ಲಿ. ಅದಕ್ಕೆ ಮೊದಲಿನ ಹಿಂದೂ ಕಾನೂನಿನಲ್ಲಿ ಮಗನನ್ನು ದತ್ತು ಕೊಡುವ ಅಧಿಕಾರ ಇದ್ದದ್ದು ಹೆತ್ತ ತಂದೆಗೆ, ಅವನಿಲ್ಲದಿದ್ದರೆ ಹೆತ್ತ ತಾಯಿಗೆ. ಅಜ್ಜ, ಅಣ್ಣ, ಸೋದರಮಾವ ಯಾರೂ ಕೊಡುವಂತಿರಲಿಲ್ಲ. ಹಾಗಾಗಿ, ಕೆಲವು ಜಾತಿಗಳ ವಿಶೇಷ ರೂಢಿಗಳನ್ನು ಬಿಟ್ಟರೆ, ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗನನ್ನು ಶಾಸ್ತ್ರೋಕ್ತವಾಗಿ ದತ್ತು ತೆಗೆದುಕೊಳ್ಳುವ ದಾರಿಯೇ ಇರಲಿಲ್ಲ. ನಿಮ್ಮ ತಂದೆ 1948ರಲ್ಲೋ 1952ರಲ್ಲೋ ದತ್ತಹೋಮ ಮಾಡಿಸಿಕೊಂಡು ಆ ಮನೆಗೆ ಬಂದಿದ್ದರೆ, ಆ ದಿನ ಅವರನ್ನು ಹೆತ್ತವರಲ್ಲಿ ಒಬ್ಬರಾದರೂ ಬದುಕಿದ್ದರು, ಬಹುಶಃ ಅಲ್ಲೇ ಕೂತಿದ್ದರು. ‘ಅನಾಥ’ ಎನ್ನುವ ಕಥೆ ಆಮೇಲೆ ಹುಟ್ಟಿಕೊಂಡದ್ದು. ಹುಡುಗ ಹಿಂತಿರುಗಿ ನೋಡದಿರಲಿ ಎಂದು ಹಿರಿಯರು ಹೇಳಿದ ಸುಳ್ಳು ಅದಾಗಿರಬಹುದು. ಅವರನ್ನು ದೂರಿ ಪ್ರಯೋಜನವಿಲ್ಲ.

ಇದೇ ಕಾನೂನಿನಿಂದ ಇನ್ನೂ ಎರಡು ಸುಳಿವು ಸಿಗುತ್ತವೆ. ಹುಡುಗ ಅದೇ ಜಾತಿಯವನಾಗಿರಬೇಕಿತ್ತು, ಆದಷ್ಟೂ ಹತ್ತಿರದ ಬಳಗದವನಾಗಿರಲಿ ಎಂಬುದು ಧರ್ಮಶಾಸ್ತ್ರದ ಸಲಹೆ. ಆದ್ದರಿಂದ ಹುಡುಕಾಟ ಶುರುವಾಗಬೇಕಾದದ್ದು ಸಾಕಿದ ಅಜ್ಜನ ಅಣ್ಣತಮ್ಮಂದಿರ ಮನೆಗಳಿಂದಲೇ. ‘ದೂರದ ಚಿಕ್ಕಪ್ಪ’ ಎಂದು ಕರೆಯುತ್ತಿದ್ದವರು ಅಪ್ಪನ ಒಡಹುಟ್ಟಿದವರೇ ಆಗಿರಬಹುದು. ಇನ್ನೊಂದು ಸುಳಿವು ತಾಯಂದಿರದ್ದು. 1956ಕ್ಕೆ ಮೊದಲು ಸಾಮಾನ್ಯ ಹಿಂದೂ ಕಾನೂನಿನಲ್ಲಿ ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವಂತೆಯೇ ಇರಲಿಲ್ಲ. 1940ರ ದಶಕದಲ್ಲಿ “ಅಮ್ಮನನ್ನು ದತ್ತು ತಗೊಂಡರು” ಎಂದರೆ ತಂದು ಸಾಕಿದರು ಎಂದರ್ಥ. ಅದಕ್ಕೆ ದತ್ತಕಪತ್ರ ಹುಡುಕಿ ಕಾಲ ಕಳೆಯಬೇಡಿ. ಅಮ್ಮನ ಮದುವೆಯಲ್ಲಿ ಧಾರೆ ಎರೆದವರು ಯಾರು, ಲಗ್ನಪತ್ರಿಕೆಯಲ್ಲಿ ಯಾರ ಮಗಳೆಂದು ಅಚ್ಚಾಗಿತ್ತು ಎಂದು ಬದುಕಿರುವ ಹಿರಿಯರನ್ನು ಕೇಳಿ.

“ಕಾಗದಪತ್ರ ಏನೂ ಇರುವುದಿಲ್ಲ”

ಆಸ್ತಿ ಇಲ್ಲದವರ ಮಟ್ಟಿಗೆ ಇದು ಕಹಿಯಾದ ನಿಜ. ದತ್ತಕ ಊರ್ಜಿತವಾಗಲು ನೋಂದಣಿ ಕಡ್ಡಾಯವಲ್ಲ. 1956ರ ಕಾಯ್ದೆಯೂ ಕೇಳುವುದು ಕೊಡುವ ಮತ್ತು ತೆಗೆದುಕೊಳ್ಳುವ ಕ್ರಿಯೆ ನಡೆದಿರಬೇಕೆಂದು ಮಾತ್ರ; ದತ್ತಹೋಮವೂ ಬೇಕೇಬೇಕೆಂದಿಲ್ಲ. ಕೂಲಿ ಮಾಡುವ ಮನೆಯೊಂದು ಅಕ್ಕನ ಮಗುವನ್ನು ತಂದು ಬೆಳೆಸಿದ್ದಕ್ಕೆ ಯಾವ ಕಚೇರಿಯಲ್ಲೂ ಗುರುತು ಉಳಿದಿರಲಿಕ್ಕಿಲ್ಲ. ವಂಶಾವಳಿಯ ವಿದ್ಯೆ ಆಸ್ತಿವಂತರ ಪರವಾಗಿದೆ, ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಆದರೆ ಎರಡು ಎಕರೆ ಗದ್ದೆ ಇದ್ದರೂ ಲೆಕ್ಕ ಬೇರೆ. ನೋಂದಾಯಿತ ದತ್ತಕಪತ್ರಕ್ಕೆ ಕೊಟ್ಟವರು, ತೆಗೆದುಕೊಂಡವರು ಇಬ್ಬರ ಸಹಿಯೂ ಇದ್ದರೆ ನ್ಯಾಯಾಲಯ ಆ ದತ್ತಕ ಕಾನೂನುಬದ್ಧವಾಗಿಯೇ ನಡೆದಿದೆ ಎಂದು ಭಾವಿಸಬೇಕು ಎನ್ನುತ್ತದೆ ಕಾಯ್ದೆಯ 16ನೇ ಕಲಮು. ಆದ್ದರಿಂದಲೇ ತಿಳಿದವರು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಬರೆಸಿಟ್ಟರು. ಆ ಪತ್ರದಲ್ಲಿ ಹೆತ್ತವರ ಹೆಸರು, ಊರು, ಸಾಕ್ಷಿಗಳು ಎಲ್ಲವೂ ಇರುತ್ತವೆ. ಇದರ ನಕಲನ್ನು ಜಮೀನಿನ ಕ್ರಯಪತ್ರದಂತೆ ಯಾರು ಬೇಕಾದರೂ ಕೇಳುವಂತಿಲ್ಲ. ಬರೆದುಕೊಟ್ಟವರು, ಅದರಡಿ ಹಕ್ಕು ಪಡೆದವರು, ಇಲ್ಲವೇ ಅವರ ಪ್ರತಿನಿಧಿಗಳು ಕೇಳಬೇಕು. ಅಪ್ಪ ಇದ್ದರೆ ಅರ್ಜಿ ಅಪ್ಪನದೇ ಇರಲಿ.

ಪತ್ರ ಸಿಗದಿದ್ದರೆ ಜಮೀನಿನ ಹಿಂದೆ ಹೋಗಿ. ಅಜ್ಜ ತೀರಿಕೊಂಡ ಮೇಲೆ ಪೌತಿ ಖಾತೆಯಾಗುವಾಗ ಮ್ಯುಟೇಶನ್ ರಿಜಿಸ್ಟರಿನಲ್ಲಿ ಅಪ್ಪನ ಹೆಸರು ಯಾವ ಆಧಾರದ ಮೇಲೆ ಏರಿತು ಎಂಬ ಷರಾ ಇರುತ್ತದೆ. ‘ದತ್ತಕ ಪುತ್ರ’ ಎಂಬ ಎರಡು ಪದ ಅಲ್ಲಿ ಸಿಕ್ಕರೂ ಕಾಲ ಗೊತ್ತಾಗುತ್ತದೆ. ಇವತ್ತಿನ ಪಹಣಿ ನೋಡಿ ನಿಲ್ಲಿಸಿದವರಿಗೆ ಇದು ಕಾಣುವುದಿಲ್ಲ; ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಹಳೆಯ ಪುಸ್ತಕಗಳನ್ನೇ ತೆಗೆಸಬೇಕು.

ಎಲ್ಲಕ್ಕಿಂತ ಸಮೃದ್ಧವಾದದ್ದು ವ್ಯಾಜ್ಯದ ಕಾಗದ. ದತ್ತಕ ನಡೆದ ಕಡೆ ದಾಯಾದಿಗಳು ಸುಮ್ಮನಿರುತ್ತಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಅಲ್ಲಿ ನಡೆಯುತ್ತಿದ್ದ ಹಿಂದೂ ಕಾನೂನಿನ ಪ್ರಕಾರ ಗಂಡ ಬೇಡವೆಂದಿರದಿದ್ದರೆ ಸಾಕು, ವಿಧವೆ ಅವನ ಅಪ್ಪಣೆಯಿಲ್ಲದೆಯೂ ದತ್ತು ತೆಗೆದುಕೊಳ್ಳಬಹುದಿತ್ತು. ಗಂಡ ಸತ್ತು ಎಷ್ಟೋ ವರ್ಷವಾದ ಮೇಲೆ ಬಂದ ಹುಡುಗನೂ ಆತ ಸತ್ತ ದಿನದಿಂದಲೇ ಮಗನೆನಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಹೊಲ ಉಳುತ್ತಿದ್ದ ಮೈದುನಂದಿರ ಗತಿ? ನೇರ ಕೋರ್ಟಿಗೆ. ಇಂಥ ದಾವೆಗಳಲ್ಲಿ ವಾದಪತ್ರದ ಜೊತೆಗೇ ನಾಲ್ಕಾರು ತಲೆಮಾರಿನ ವಂಶವೃಕ್ಷ ಬರೆದಿರುತ್ತಾರೆ. ಹುಡುಗನನ್ನು ಯಾರು ಕರೆತಂದರು, ಯಾರ ತೊಡೆಯ ಮೇಲೆ ಕೂರಿಸಿದರು, ಮಂತ್ರ ಹೇಳಿದ ಭಟ್ಟರು ಯಾರು ಎಂದು ಸಾಕ್ಷಿಗಳು ಹೇಳಿರುತ್ತಾರೆ. ಮೇಲಿನ ಕೋರ್ಟಿಗೆ ಹೋದ ಪ್ರಕರಣಗಳಲ್ಲಿ ಕೆಲವು ಮೈಸೂರು, ಮುಂಬಯಿಯ ಕಾನೂನು ವರದಿಗಳಲ್ಲಿ ಅಚ್ಚಾಗಿವೆ. ಊರಿನ ಹಳೆಯ ವಕೀಲರ ಮನೆಯ ಅಟ್ಟವನ್ನು ಅಲಕ್ಷಿಸಬೇಡಿ. ಮನೆ ಒಡೆದ ಜಗಳವೇ ಮೊಮ್ಮಕ್ಕಳಿಗೆ ದಾಖಲೆಯಾಗಿ ಒದಗುವುದು ವಿಚಿತ್ರ, ಆದರೆ ಅದು ಹಾಗೇ.

ಹೆಳವರ ಮೇಲೂ ಕೆಲವರಿಗೆ ಅಪಾರ ಭರವಸೆ. ಎತ್ತು ಹೊಡೆದುಕೊಂಡು ಬಂದು ಮನೆತನದ ವಂಶಾವಳಿ ಹೇಳುವ ಹೆಳವರ ಹೊತ್ತಿಗೆಗಳು ದೊಡ್ಡ ಸಂಪತ್ತು, ಸಂಶಯವಿಲ್ಲ. ಆದರೆ ಒಬ್ಬ ಹೆಳವನಿಗೆ ಗೊತ್ತಿರುವುದು ತನ್ನ ಒಕ್ಕಲುಮನೆಗಳ ಕಥೆ. ಕೊಟ್ಟ ಮನೆ, ತೆಗೆದುಕೊಂಡ ಮನೆ ಎರಡೂ ಅವನ ಒಕ್ಕಲಾಗಿದ್ದರೆ ಸರಿ. ಕೊಟ್ಟ ಮನೆ ಬೇರೆ ಸೀಮೆಯದಾದರೆ ಯಾವ ಹೆಳವನನ್ನು ಕೇಳಬೇಕು ಎಂಬುದೇ ನಿಮಗೆ ಗೊತ್ತಿಲ್ಲದ ಸಂಗತಿ.

“ಜನನ ಪ್ರಮಾಣಪತ್ರ ತೆಗೆಸಿದರೆ ಮುಗಿಯಿತು”

ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಅದಕ್ಕೂ ಮೊದಲು ಪಟೇಲರೋ ಶಾನುಭೋಗರೋ ಬರೆದಷ್ಟೇ ಬರೆದದ್ದು. ಬರೆದ ಕಡೆಯೂ ಮಗುವಿನ ಹೆಸರು ಇರದಿರುವುದೇ ಹೆಚ್ಚು. ನಾಮಕರಣಕ್ಕೆ ಮೊದಲೇ ನಮೂದು ಆಗುತ್ತಿದ್ದುದರಿಂದ ‘ಇಂಥವರಿಗೆ ಗಂಡುಮಗು’ ಎಂದಷ್ಟೇ ಇರುತ್ತದೆ. ಅಂದರೆ ಆ ಪುಸ್ತಕದಲ್ಲಿ ಹುಡುಕಲು ಬೇಕಾದದ್ದು ತಂದೆಯ ಹೆಸರು, ನಿಮಗೆ ಗೊತ್ತಿಲ್ಲದಿರುವುದೂ ಅದೇ. ತಾರೀಖು ನಂಬಿ ಹುಡುಕೋಣವೆಂದರೆ ಶಾಲೆಯ ರಿಜಿಸ್ಟರಿನ ಜನ್ಮದಿನಾಂಕ ಮೇಷ್ಟರ ಕೃಪೆ. ಜೂನ್ 1ರಂದು ಹುಟ್ಟಿದ ಕನ್ನಡಿಗರ ಸಂಖ್ಯೆ ನೋಡಿದರೆ ಯಾರಿಗಾದರೂ ನಗು ಬರಬೇಕು. ಹೆತ್ತವರ ಹೆಸರು ಬೇರೆ ಕಡೆಯಿಂದ ಸಿಕ್ಕ ಮೇಲೆ, ಅದನ್ನು ಖಚಿತಪಡಿಸಿಕೊಳ್ಳಲು ಜನನ ರಿಜಿಸ್ಟರ್ ಒಳ್ಳೆಯದು. ಅದಕ್ಕೆ ಮೊದಲು ಅಲ್ಲ.

“ಸಂಸ್ಥೆಯವರು ಹೆಸರು ಕೊಡಲೇಬೇಕು, ನಾನು ಮಗ”

ಅಪ್ಪ ನಿಜವಾಗಿಯೂ ಸಂಸ್ಥೆಯಿಂದ ಬಂದವರಾದರೆ ದಾರಿ ಬೇರೆ. ಇಲ್ಲಿ ಮಕ್ಕಳು ಎಡವುವುದು ತಮ್ಮ ಹಕ್ಕಿನ ವಿಷಯದಲ್ಲಿ. ದೇಶದ ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ನಿಯಮಗಳಲ್ಲಿ, 2022ರಲ್ಲಿ ಬಂದವುಗಳಲ್ಲೂ, ಬೇರು ಹುಡುಕುವ ಅವಕಾಶ ಇದೆ. ಆದರೆ ಅದು ದತ್ತು ಹೋದ ವ್ಯಕ್ತಿಯದು. ಮೂರನೆಯವರು ಹುಡುಕುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಮಗನೋ ಮಗಳೋ ತನ್ನ ಹೆಸರಿನಲ್ಲಿ ಅರ್ಜಿ ಹಾಕಿ “ಸಂಬಂಧವಿಲ್ಲದವರಿಗೆ ಕೊಡುವುದಿಲ್ಲ” ಎಂಬ ಉತ್ತರ ಪಡೆದು ಸಿಟ್ಟಾಗುವುದಕ್ಕಿಂತ, ಅಪ್ಪನೇ ಸಹಿ ಹಾಕುವ ಅರ್ಜಿ ಬರೆದುಕೊಡುವುದು ಜಾಣತನ. ಅವರಿಗೆ ಹುಡುಕುವ ಮನಸ್ಸೇ ಇಲ್ಲವಾದರೆ? ಹಾಗಿದ್ದರೆ ಇಲ್ಲಿಗೆ ನಿಲ್ಲಿಸಬೇಕು ಎಂಬುದು ನನ್ನ ಅಭಿಪ್ರಾಯ. ನಿಯಮವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಅಪ್ಪನೇ ಕೇಳಿದರೂ, ಒಪ್ಪಿಸುವಾಗ ತನ್ನ ಹೆಸರು ಹೇಳಬೇಡಿ ಎಂದು ತಾಯಿ ಕೇಳಿಕೊಂಡಿದ್ದರೆ ಆಕೆಯ ಒಪ್ಪಿಗೆ ಬೇಕು. ಒಪ್ಪದಿದ್ದರೆ, ಅಥವಾ ಆಕೆ ಸಿಗದಿದ್ದರೆ, ಮಗುವನ್ನು ಒಪ್ಪಿಸಿದ ಸಂದರ್ಭ, ಕಾರಣಗಳನ್ನಷ್ಟೇ ತಿಳಿಸುತ್ತಾರೆ. ಬಿಟ್ಟುಹೋದ ಸ್ಥಿತಿಯಲ್ಲಿ ಸಿಕ್ಕ ಮಗುವಾದರೆ ಹೆಸರು, ಹುಟ್ಟಿದ ದಿನ ಎರಡನ್ನೂ ಸಂಸ್ಥೆಯೇ ಇಟ್ಟಿರುತ್ತದೆ, ಮುಚ್ಚಿಡಲು ಅವರ ಬಳಿ ಏನೂ ಇರುವುದಿಲ್ಲ.

ಸಂಸ್ಥೆಯೇ ಮುಚ್ಚಿಹೋಗಿದ್ದರೂ ಕೋರ್ಟಿನ ಕಡತ ಇರಬಹುದು. ಹೆತ್ತವರು ಯಾರೆಂದು ತಿಳಿಯದ ಮಗುವನ್ನು ಪಾಲಕರು ದತ್ತು ಕೊಡಬೇಕಾದರೆ 1956ರ ಕಾಯ್ದೆಯಡಿ ಜಿಲ್ಲಾ ಅಥವಾ ಸಿಟಿ ಸಿವಿಲ್ ನ್ಯಾಯಾಲಯದ ಅನುಮತಿ ಬೇಕು. ಕ್ರೈಸ್ತ, ಮುಸ್ಲಿಂ, ಪಾರ್ಸಿ ಮನೆಗಳಲ್ಲಿ ಬೆಳೆದವರಿಗೆ ಅದೂ ಅಲ್ಲ: ಬಾಲನ್ಯಾಯ ಕಾಯ್ದೆ ದಾರಿ ತೆರೆಯುವವರೆಗೂ ಅವರಿಗೆ ಸಿಗುತ್ತಿದ್ದುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಪೋಷಕತ್ವದ ಆದೇಶ. ಅಂಥವರ ಕಾಗದದಲ್ಲಿ ‘ದತ್ತು’ ಎಂಬ ಪದವೇ ಇರಲಿಕ್ಕಿಲ್ಲ, ‘ಗಾರ್ಡಿಯನ್’ ಎಂದು ಹುಡುಕಿ. ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರನ್ನೂ ನೋಡಿ.

“ಡಿಎನ್‌ಎ ಕೊಟ್ಟರೆ ಹೆಸರು ಬರುತ್ತದೆ”

ಡಿಎನ್‌ಎ ಪರೀಕ್ಷೆ ಹೆಸರು ಹೇಳುವುದಿಲ್ಲ. ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿರುವ ಇತರರ ಜೊತೆ ನಿಮ್ಮದನ್ನು ಹೋಲಿಸಿ, ಹಂಚಿಕೊಂಡ ಅಂಶವನ್ನು ಸೆಂಟಿಮಾರ್ಗನ್ ಎಂಬ ಅಳತೆಯಲ್ಲಿ ತೋರಿಸುತ್ತದೆ, ಅಷ್ಟೆ. ಅಮೆರಿಕದಲ್ಲಿ ಇದು ಪವಾಡ ಮಾಡುವುದು ಕೋಟಿಗಟ್ಟಲೆ ಅಮೆರಿಕನ್ನರು ಆ ಪಟ್ಟಿಯಲ್ಲಿರುವುದರಿಂದ. ಮಂಡ್ಯದ ಹಳ್ಳಿಯ ಹೆತ್ತ ಮನೆಯವರು ಆ ಪಟ್ಟಿಯಲ್ಲಿರಬೇಕಾದರೆ ಅವರ ಮೊಮ್ಮಗನೊಬ್ಬ ನ್ಯೂಜೆರ್ಸಿಗೆ ಹೋಗಿ ಕುತೂಹಲಕ್ಕೆ ಎಂಜಲು ಕೊಟ್ಟಿರಬೇಕು. ಅಸಾಧ್ಯವಲ್ಲ, ಈಚೆಗೆ ಅಪರೂಪವೂ ಅಲ್ಲ.

ಆದರೆ ನಮ್ಮಲ್ಲಿ ಇನ್ನೊಂದು ಗೋಜಲಿದೆ. ಕಂಪನಿಗಳ ಪಟ್ಟಿಯಲ್ಲಿ ಒಂದನೇ ಕಸಿನ್ ಎಂದರೆ ಸರಾಸರಿ 850ರಷ್ಟು ಸೆಂಟಿಮಾರ್ಗನ್, ಎರಡನೇ ಕಸಿನ್ ಎಂದರೆ 230ರ ಆಸುಪಾಸು. ಈ ಲೆಕ್ಕ ಹಾಕಿರುವುದು ಗಂಡ ಹೆಂಡತಿ ಬೇರೆ ಬೇರೆ ಮನೆತನದವರು ಎಂದುಕೊಂಡು. ನಮ್ಮಲ್ಲಿ ಸೋದರಮಾವನಿಗೆ ಕೊಡುತ್ತೇವೆ, ಅತ್ತೆಯ ಮಗಳನ್ನು ತರುತ್ತೇವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲೂ ಕರ್ನಾಟಕದಲ್ಲಿ ರಕ್ತಸಂಬಂಧದ ಮದುವೆಗಳು ಸುಮಾರು ನೂರಕ್ಕೆ 27. ಹೀಗೆ ತಲೆಮಾರುಗಟ್ಟಲೆ ಬೆಸೆದುಕೊಂಡ ಬಳಗದಲ್ಲಿ ದೂರದ ನೆಂಟನೂ ಮೂರು ಕಡೆಯಿಂದ ನೆಂಟನಾಗಿ, ಯಂತ್ರದ ಕಣ್ಣಿಗೆ ಹತ್ತಿರದವನಂತೆ ಕಾಣುತ್ತಾನೆ. ಯಂತ್ರ ‘ಎರಡನೇ ಕಸಿನ್’ ಎಂದರೆ ಒಂದು ಮೆಟ್ಟಿಲು ಹಿಂದೆ ಸರಿದು ನೋಡಿ.

ಪರೀಕ್ಷೆ ಮಾಡಿಸಬೇಕಾದದ್ದು ಅಪ್ಪನನ್ನು. ನಿಮ್ಮಲ್ಲಿರುವುದು ಅವರದರಲ್ಲಿ ಅರ್ಧ ಮಾತ್ರ. ಅವರು ಇಲ್ಲವಾಗಿದ್ದರೆ ಒಡಹುಟ್ಟಿದವರೆಲ್ಲ ಕೊಡಿ: ಇಬ್ಬರು ಸೇರಿದರೆ ಅಪ್ಪನ ಸುಮಾರು ಮುಕ್ಕಾಲು ಪಾಲು, ಮೂವರಾದರೆ ನೂರಕ್ಕೆ ಎಂಬತ್ತೇಳೂವರೆ ಭಾಗದಷ್ಟು ಸಿಗುತ್ತದೆ. ಜಾತಿ, ಗೋತ್ರ ಅದರಲ್ಲಿ ಬರೆದಿರುವುದಿಲ್ಲ. ಗೋತ್ರ ದತ್ತಹೋಮದ ಅಗ್ನಿಯ ಎದುರು ಬದಲಾಯಿತು. ಅಪ್ಪನ ವೈ ಕ್ರೋಮೋಸೋಮು ಬದಲಾಗಲಿಲ್ಲ.

“ಸಿಕ್ಕರೆ ಪಾಲೂ ಸಿಗುತ್ತದೆ”

ಹುಡುಕುವವರಿಗೆ ಈ ಆಸೆ ಇಲ್ಲದಿರಬಹುದು. ಆದರೆ ಆ ಕಡೆಯವರ ಮನೆಯಲ್ಲಿ ಫೋನು ಬಂದ ಕೂಡಲೆ ಹುಟ್ಟುವ ಮೊದಲ ಭಯ ಇದೇ. 1956ರ ಕಾಯ್ದೆಯ 12ನೇ ಕಲಮಿನ ಪ್ರಕಾರ ದತ್ತಕದ ದಿನದಿಂದ ಹುಟ್ಟಿದ ಮನೆಯ ಸಂಬಂಧ ಕಡಿದುಹೋಗುತ್ತದೆ. ಅದಕ್ಕೆ ಮೊದಲೇ ಮಗುವಿನ ಹೆಸರಿಗೆ ಬಂದಿದ್ದ ಆಸ್ತಿ ಇದ್ದರೆ ಮಾತ್ರ ಅದು ಅವನ ಜೊತೆ ಹೋಗುತ್ತದೆ. ಒಟ್ಟುಕುಟುಂಬದಲ್ಲಿ ಹುಟ್ಟಿನಿಂದ ಬಂದ ಪಾಲಿಗೂ ಇದು ಅನ್ವಯಿಸುತ್ತದೆಯೇ ಎಂಬ ಬಗ್ಗೆ ಹೈಕೋರ್ಟುಗಳು ಒಂದೇ ಮಾತು ಆಡಿಲ್ಲ. ಕೆದಕಬೇಕೆನ್ನುವವರು ವಕೀಲರನ್ನು ಕಾಣಲಿ. ಕಡಿಯದೆ ಉಳಿಯುವ ಎಳೆ ಒಂದಿದೆ: ಆ ಮನೆಯಲ್ಲೇ ಉಳಿದಿದ್ದರೆ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ದತ್ತು ಹೋದ ಮೇಲೂ ಆಗುವಂತಿಲ್ಲ.

ಆದ್ದರಿಂದ ಆ ಮನೆಗೆ ಬರೆಯುವ ಮೊದಲ ಪತ್ರದಲ್ಲಿ ಆಸ್ತಿಯ ಮಾತು ಬೇಡವೆಂದು ಬಿಡಬೇಡಿ. ಮೊದಲ ಸಾಲಿನಲ್ಲೇ ಪಾಲು ಕೇಳಲು ಬರೆಯುತ್ತಿಲ್ಲ ಎಂದು ಹೇಳಿಬಿಡಿ. ಆಮೇಲೆ ಅಪ್ಪನ ಹೆಸರು, ವಯಸ್ಸು, ಅವರು ದತ್ತು ಹೋದ ಊರು, ವರ್ಷ. ಪತ್ರವನ್ನು ಆ ಮನೆಯ ಯಜಮಾನರ ಹೆಸರಿಗೆ ಹಾಕುವುದಕ್ಕಿಂತ, ಅಲ್ಲಿ ಬದುಕಿರುವ ಅತ್ಯಂತ ಹಿರಿಯ ಹೆಂಗಸು ಯಾರೆಂದು ವಿಚಾರಿಸಿ, ಆಕೆಗೆ ಓದಿ ಹೇಳುವವರ ಕೈಗೆ ತಲುಪಿಸಿ.